ಬೀಗ ಹಾಕಿದ ಮನೆಗೆ ಒಂದು ಕಣ್ಣು

 ಈ ಸಲ ಜೀವಕೋಶ ಇಲ್ಲ, ಪ್ರೋಟೀನ್ ಇಲ್ಲ. ಒಂದು ಹಳೇ ಲ್ಯಾಪ್‌ಟಾಪ್, ಅದಕ್ಕೆ ಸಿಕ್ಕಿಸಿದ ಒಂದು ವೆಬ್‌ಕ್ಯಾಮ್, ಶಿವಮೊಗ್ಗದಲ್ಲಿ ಬೀಗ ಹಾಕಿದ ಒಂದು ಮನೆ. ಇವತ್ತಿನ ಸರಕು ಇಷ್ಟೇ.

ಹೊರದೇಶದಲ್ಲಿರೋ ನಮ್ಮಂಥವರಿಗೆ ಈ ಕತೆ ಹೊಸದಲ್ಲ. ಅಮ್ಮ ಜರ್ಮನಿಗೆ ಬರೋದು ಅಂತಾಯ್ತು. ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಟಿಕೆಟ್ ದುಡ್ಡು ವಸೂಲಾಗಬೇಕಾದರೆ 90 ದಿನವೂ ಇರಬೇಕು ಅನ್ನೋದು ಅಮ್ಮನ ಲೆಕ್ಕ. ಅಂದರೆ ಮೂರು ತಿಂಗಳು ಮನೆ ಖಾಲಿ. ಪಕ್ಕದ ಮನೆಯ ಅಕ್ಕನ ಹತ್ತಿರ ಒಂದು ಬೀಗದ ಕೈ ಇರುತ್ತೆ. ನೀರಿನ ಮೋಟರ್ ಸ್ವಿಚ್ಚು ಒಳಗಿರೋದರಿಂದ ಅವರು ವಾರಕ್ಕೆ ಮೂರು ಸಲ ಒಳಗೆ ಬಂದು ಟ್ಯಾಂಕ್ ತುಂಬಿಸಿ, ಗಿಡಗಳಿಗೆ ನೀರು ಹಾಯಿಸಿ ಹೋಗ್ತಾರೆ. ಆದರೆ ಹಿಂದಿನ ವರ್ಷ ಎರಡು ಬೀದಿ ಆಚೆ ಹೀಗೇ ಬೀಗ ಹಾಕಿದ್ದ ಮನೆಯಲ್ಲಿ ಕಳ್ಳತನ ಆಗಿತ್ತು. ಮನೆಯವರಿಗೆ ಗೊತ್ತಾಗಿದ್ದು ಹನ್ನೊಂದು ದಿನ ಆದಮೇಲೆ. ಕದ್ದದ್ದಕ್ಕಿಂತ ಆ ಹನ್ನೊಂದು ದಿನವೇ ಅಮ್ಮನ ನಿದ್ದೆ ಕೆಡಿಸಿದ್ದು.

ಅಂಗಡಿಯಲ್ಲಿ ಸಿಗೋ ವೈಫೈ ಕ್ಯಾಮೆರಾ ತಂದು ಗೋಡೆಗೆ ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ನಾವು ಹಾಗೆ ಮಾಡಲಿಲ್ಲ. ಆ ಪುಟ್ಟ ಕ್ಯಾಮೆರಾ ಬರೀ ಕಣ್ಣಲ್ಲ. ಅದರೊಳಗೆ ಒಂದು ಇಡೀ ಕಂಪ್ಯೂಟರ್ ಇದೆ. ಅದಕ್ಕೆ ಇಂಟರ್‌ನೆಟ್ ವಿಳಾಸ ಇದೆ, ಪಾಸ್‌ವರ್ಡ್ ಇದೆ, ಯಾರೋ ಬರೆದ ತಂತ್ರಾಂಶ ಇದೆ. ಅದನ್ನು ಎಷ್ಟು ವರ್ಷ ಸರಿಪಡಿಸುತ್ತಾ ಇರುತ್ತಾರೆ ಅನ್ನೋದು ಮಾರಿದವರ ಮರ್ಜಿ. 2016ರಲ್ಲಿ ಮಿರಾಯ್ ಅನ್ನೋ ದುಷ್ಟ ತಂತ್ರಾಂಶ ಇಂಥ ಕ್ಯಾಮೆರಾಗಳನ್ನೂ ವಿಡಿಯೋ ರೆಕಾರ್ಡರ್‌ಗಳನ್ನೂ ದೊಡ್ಡ ಸಂಖ್ಯೆಯಲ್ಲಿ ವಶ ಮಾಡಿಕೊಂಡಿತು. ಅದರ ಕೈಚಳಕ ಏನು ಗೊತ್ತಾ? ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ, ಯಾರೂ ಬದಲಾಯಿಸದ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಒಂದು ಪಟ್ಟಿ. ಆ ವರ್ಷ ಅಕ್ಟೋಬರ್ 21ರಂದು ಡಿನ್ ಎಂಬ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್‌ನಂಥ ತಾಣಗಳೂ ಗಂಟೆಗಟ್ಟಲೆ ಹಲವರಿಗೆ ಸಿಗದೇ ಹೋದವು. ಮನೆ ಕಾಯೋಕೆ ಅಂತ ಇಟ್ಟ ಕ್ಯಾಮೆರಾಗಳು ದಾಳಿಕೋರರ ಸೈನ್ಯ ಸೇರಿದ್ದವು.

ಯುಎಸ್‌ಬಿ ವೆಬ್‌ಕ್ಯಾಮ್ ಹಾಗಲ್ಲ. ಅದಕ್ಕೆ ವಿಳಾಸವೂ ಇಲ್ಲ, ಪಾಸ್‌ವರ್ಡೂ ಇಲ್ಲ. ತಂತಿಯ ಆ ತುದಿಯಲ್ಲಿ ಕಣ್ಣು, ಈ ತುದಿಯಲ್ಲಿ ಮಿದುಳು. ಮಿದುಳು ನಮ್ಮದೇ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಡೆಬಿಯನ್ ಲಿನಕ್ಸ್. ಯಾವ ಚಿತ್ರ ಎಲ್ಲಿಗೆ ಹೋಗಬೇಕು ಅನ್ನೋದನ್ನ ನಾವೇ ಬರೆದಿಡಬಹುದು.

ಲಿನಕ್ಸ್ ಅಂದ ಕೂಡಲೇ "ಕ್ಯಾಮೆರಾ ಅದಕ್ಕೆ ಗುರುತು ಸಿಗುತ್ತಾ?" ಅಂತ ಕೇಳ್ತಾರೆ. ಒಂದು ಕಾಲದಲ್ಲಿ ಅದು ನಿಜವಾದ ತಲೆನೋವೇ ಆಗಿತ್ತು, ಒಂದೊಂದು ಕ್ಯಾಮೆರಾಗೆ ಒಂದೊಂದು ಡ್ರೈವರ್. ಯುಎಸ್‌ಬಿ ವಿಡಿಯೋ ಕ್ಲಾಸ್, ಚಿಕ್ಕದಾಗಿ ಯುವಿಸಿ, ಅನ್ನೋ ಸಾಮಾನ್ಯ ಭಾಷೆ ಬಂದಮೇಲೆ ಸಂಕಟ ಕಡಿಮೆಯಾಯಿತು. ಆ ಭಾಷೆ ಆಡೋ ಡ್ರೈವರ್ 2008ರಲ್ಲಿ, 2.6.26ನೇ ಆವೃತ್ತಿಯಲ್ಲಿ, ಲಿನಕ್ಸ್ ಕರ್ನೆಲ್ ಒಳಗೇ ಸೇರಿಕೊಂಡಿತು. ಹಾಗಾಗಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ "ಲಿನಕ್ಸ್" ಅಂತ ಹುಡುಕಬೇಡಿ, ಬಹುಪಾಲು ಕಂಪನಿಗಳು ಬರೆಯೋದೇ ಇಲ್ಲ. "ಯುವಿಸಿ" ಅಂತಲೋ "ಡ್ರೈವರ್ ಬೇಕಿಲ್ಲ" ಅಂತಲೋ ಇದ್ದರೆ ಸಾಕು.

ನಾವು ಮೊದಲು ಕೊಂಡ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಇದ್ದದ್ದು "4ಕೆ". ಹೆಸರು ಹೇಳೋದಿಲ್ಲ, ಬಿಡಿ. ಮನೆಗೆ ತಂದು ಸಿಕ್ಕಿಸಿ, ವಿ4ಎಲ್2-ಸಿಟಿಎಲ್ ಅನ್ನೋ ಉಪಕರಣದಿಂದ ಅದರ ಜಾತಕ ತೆಗೆಸಿದೆವು. ಕ್ಯಾಮೆರಾ ಯಾವ ಯಾವ ಅಳತೆಯ ಚಿತ್ರವನ್ನು, ಸೆಕೆಂಡಿಗೆ ಎಷ್ಟು ಫ್ರೇಮಿನಂತೆ, ಯಾವ ರೂಪದಲ್ಲಿ ಕೊಡುತ್ತೆ ಅಂತ ಅದು ಪಟ್ಟಿ ಮಾಡಿ ಹೇಳುತ್ತೆ. 4ಕೆ ಎಲ್ಲೂ ಇರಲಿಲ್ಲ. ಅತಿ ದೊಡ್ಡದೆಂದರೆ 1920×1080, ಅದೂ ಕಚ್ಚಾ ರೂಪದಲ್ಲಿ ಸೆಕೆಂಡಿಗೆ ಬರೀ 5 ಫ್ರೇಮು.

4ಕೆ ಅನ್ನೋದು ಮೋಸ, ನಿಜ. ಆದರೆ ಆ 5ರಲ್ಲಿ ಮೋಸ ಇಲ್ಲ, ಅದು ಬರೀ ಗುಣಾಕಾರ. 1920×1080 ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. ಕಚ್ಚಾ ರೂಪದಲ್ಲಿ ಪಿಕ್ಸೆಲ್‌ಗೆ 2 ಬೈಟ್, ಅಂದರೆ ಒಂದು ಫ್ರೇಮಿಗೆ 4 ಮೆಗಾಬೈಟ್ ಚಿಲ್ಲರೆ. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ 124 ಮೆಗಾಬೈಟ್. ಯುಎಸ್‌ಬಿ 2.0 ತಂತಿಯಲ್ಲಿ ವಿಡಿಯೋಗೆ ಮೀಸಲಾಗಿ ಸಿಗೋ ದಾರಿ ಸೆಕೆಂಡಿಗೆ ಸುಮಾರು 24 ಮೆಗಾಬೈಟ್ ಅಷ್ಟೇ. ಆ ಓಣಿಯಲ್ಲಿ ಕಚ್ಚಾ ಚಿತ್ರ ಐದೇ ಹಿಡಿಸೋದು. ಅದಕ್ಕೇ ಕ್ಯಾಮೆರಾ ತಾನೇ ಚಿತ್ರವನ್ನು ಹಿಂಡಿ ಎಂಜೆಪೆಗ್ ರೂಪದಲ್ಲಿ ಕಳಿಸಬೇಕು. ಆ ಜಾತಕದಲ್ಲಿ ನೋಡಬೇಕಾದ್ದು ಈ ಪದವನ್ನೇ. ಇನ್ನೊಂದು ಮಾತು: ಎರಡು ಕ್ಯಾಮೆರಾ ಹಾಕೋ ಆಸೆ ಇದ್ದರೆ ಎರಡನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸಬೇಡಿ. "ಡಿವೈಸ್‌ನಲ್ಲಿ ಜಾಗ ಇಲ್ಲ" ಅಂತ ಲಿನಕ್ಸ್ ದೂರುತ್ತೆ, ನೀವು ಹಾರ್ಡ್ ಡಿಸ್ಕ್ ಖಾಲಿ ಮಾಡ್ತಾ ಕೂತಿರ್ತೀರಿ. ಜಾಗ ಇಲ್ಲದ್ದು ಡಿಸ್ಕಿನಲ್ಲಲ್ಲ, ತಂತಿಯಲ್ಲಿ.

ಆ ಕ್ಯಾಮೆರಾ ವಾಪಸ್ ಹೋಯಿತು. ಎರಡನೆಯದನ್ನು ಕೊಳ್ಳೋ ಮೊದಲು ನಾವು ಮಾಡಿದ್ದು, ಲ್ಯಾಬಿನಲ್ಲಿ ಯಾವಾಗಲೂ ಮೊದಲು ಮಾಡಬೇಕಾದ, ಮನೆಗೆ ಬಂದಾಗ ಮರೆತೇ ಹೋಗೋ ಕೆಲಸ. ನಮಗೆ ಉತ್ತರ ಬೇಕಾಗಿರೋ ಪ್ರಶ್ನೆ ಯಾವುದು ಅಂತ ಬರೆದುಕೊಂಡೆವು.

ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಬಳಸಿ ಹುಲಿ ಎಣಿಸಿದ ಕೆಲಸ 1995ರಲ್ಲಿ ಪ್ರಕಟವಾಯಿತು. ಅವರಿಗೆ ಬೇಕಾಗಿದ್ದದ್ದು ಕಾಡಿನ ಸುಂದರ ಚಿತ್ರ ಅಲ್ಲ. ಹುಲಿಯಿಂದ ಹುಲಿಗೆ ಪಟ್ಟೆ ಬೇರೆ. ಆದ್ದರಿಂದ ಬೇಕಾದದ್ದು ಪಕ್ಕೆ. ಹುಲಿ ನಡೆಯೋ ದಾರಿಯ ಬದಿಯಲ್ಲಿ ಕ್ಯಾಮೆರಾ ಕಾದು ಕೂರುತ್ತೆ, ಪಟ್ಟೆ ಕಂಡರೆ ಕೆಲಸ ಆಯಿತು. ನಮ್ಮ ಪ್ರಶ್ನೆಯೂ ಹಾಗೇ ಸಣ್ಣದು: ಮುಂಬಾಗಿಲು ತೆರೆಯಿತಾ? ತೆರೆದವರ ಮುಖ ಯಾರದು?

ಮುಖ ಗುರುತಿಸೋಕೆ ಎಷ್ಟು ಪಿಕ್ಸೆಲ್ ಬೇಕು ಅನ್ನೋದಕ್ಕೆ ಕಣ್ಗಾವಲು ಕ್ಯಾಮೆರಾಗಳ ಯುರೋಪಿಯನ್ ಮಾನದಂಡದಲ್ಲಿ ಒಂದು ಲೆಕ್ಕ ಇದೆ. ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಇದ್ದರೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. 125 ಇದ್ದರೆ ಪರಿಚಯದವರನ್ನ ಗುರುತು ಹಿಡಿಯಬಹುದು. ಅಪರಿಚಿತನ ಮುಖ ಪೊಲೀಸರಿಗೆ ತೋರಿಸಿ "ಇವನೇ" ಅನ್ನಬೇಕಾದರೆ 250.

ಈಗ ನಮ್ಮ ಹಾಲ್ ತಗೊಳ್ಳಿ. ಪುಸ್ತಕದ ಕಪಾಟಿನಿಂದ ಬಾಗಿಲಿಗೆ ಮೂರು ಮೀಟರ್. 60 ಡಿಗ್ರಿ ನೋಟದ ಲೆನ್ಸ್ ಆ ದೂರದಲ್ಲಿ ಸುಮಾರು 3.5 ಮೀಟರ್ ಅಗಲ ನೋಡುತ್ತೆ. "ಇಡೀ ಕೋಣೆ ಕಾಣುತ್ತೆ" ಅಂತ ಹೊಗಳಿ ಮಾರೋ 120 ಡಿಗ್ರಿ ಲೆನ್ಸ್ ನೋಡೋದು 10.4 ಮೀಟರ್ ಅಗಲ, ನಮ್ಮ ಹಾಲ್‌ಗಿಂತ ಎಷ್ಟೋ ಜಾಸ್ತಿ. 120 ಡಿಗ್ರಿಯಲ್ಲಿ 1080ರ ಕ್ಯಾಮೆರಾ, ಅಂದರೆ 1920 ಪಿಕ್ಸೆಲ್ ಅಗಲ, ಇಟ್ಟರೆ ಮೀಟರಿಗೆ 185 ಪಿಕ್ಸೆಲ್. 60 ಡಿಗ್ರಿಯಲ್ಲಿ ಹಳೇ ಕಾಲದ 640 ಪಿಕ್ಸೆಲ್ ಕ್ಯಾಮೆರಾ ಇಟ್ಟರೂ ಅದೇ 185! ಮೂರು ಪಟ್ಟು ಪಿಕ್ಸೆಲ್‌ಗೆ ಕೊಟ್ಟ ದುಡ್ಡೆಲ್ಲ ಗೋಡೆ ನೋಡೋಕೆ ಖರ್ಚು. 60 ಡಿಗ್ರಿಯಲ್ಲಿ ಸಾಧಾರಣ 720ರದ್ದು, 1280 ಪಿಕ್ಸೆಲ್ ಅಗಲದ್ದು, ಇಟ್ಟರೆ 370 ಸಿಗುತ್ತೆ; ಗುರುತಿಗೆ ಧಾರಾಳ.

ಹೀಗೆ ನಾವು ಆರಿಸಿದ್ದು 720ರ, ಕಿರಿದಾದ ನೋಟದ, ಫೋಕಸ್ ಸ್ಥಿರವಾಗಿರೋ ಅಗ್ಗದ ಕ್ಯಾಮೆರಾ. ಲಾಜಿಟೆಕ್ ಸಿ270 ಈ ಜಾತಿಯದ್ದು, ನಮ್ಮಲ್ಲಿ ಸುಲಭವಾಗಿ ಸಿಗುತ್ತೆ. ಫೋಕಸ್ ತಾನೇ ಹೊಂದಿಸಿಕೊಳ್ಳೋ ಕ್ಯಾಮೆರಾ ಮೇಲ್ದರ್ಜೆಯದು ಅನ್ನಿಸಬಹುದು. ಮಂದ ಬೆಳಕಿನಲ್ಲಿ ಅದು ಹಿಂದೆ ಮುಂದೆ ತಡಕಾಡುತ್ತೆ, ಆ ತಡಕಾಟವನ್ನೇ ತಂತ್ರಾಂಶ "ಏನೋ ಅಲ್ಲಾಡಿತು" ಅಂತ ತಿಳಿಯುತ್ತೆ. ಅಂಥದ್ದೇ ನಿಮ್ಮ ಹತ್ತಿರ ಇದ್ದರೆ ಸ್ವಯಂ ಫೋಕಸ್ ಆರಿಸಿಬಿಡಿ. ಅದಕ್ಕೂ ವಿ4ಎಲ್2-ಸಿಟಿಎಲ್‌ನಲ್ಲೇ ಆಯ್ಕೆ ಇದೆ.

ಕಿರಿದಾದ ನೋಟಕ್ಕೆ ಇನ್ನೊಂದು ಕಾರಣ ಇತ್ತು. ಅದು ನಮಗೆ ಹೊಳೆದಿದ್ದಲ್ಲ.

ಅಮ್ಮನನ್ನು ಕರೆತರೋಕೆ ಊರಿಗೆ ಹೋದಾಗ ಹಾಲ್‌ನಲ್ಲಿ ಕ್ಯಾಮೆರಾ ಕೂರಿಸ್ತಾ ಇದ್ದೆವು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದವರು ಕೇಳಿದರು: "ಇದು ಕಳ್ಳರಿಗೋ, ಪಕ್ಕದ ಮನೆಯವಳಿಗೋ?" ನಾವು ಸುಮ್ಮನಾದೆವು. ಮೂರು ತಿಂಗಳಲ್ಲಿ ಆ ಬಾಗಿಲು ತೆಗೆಯೋದು ಹೆಚ್ಚುಕಮ್ಮಿ ಅವರೊಬ್ಬರೇ. ಕ್ಯಾಮೆರಾ ಹಿಡಿಯೋ ಚಿತ್ರಗಳೆಲ್ಲ ಅವರದ್ದೇ ಆಗಿರುತ್ತವೆ: ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಇದ್ದರು, ಫ್ಯಾನ್ ಹಾಕಿಕೊಂಡು ಐದು ನಿಮಿಷ ಕೂತರಾ. "ಮೂವತ್ತು ವರ್ಷದಿಂದ ಒಬ್ಬರ ಮನೆ ಕೀಲಿ ಒಬ್ಬರ ಹತ್ರ ಇದೆ. ಈಗ ಅವಳ ಮೇಲೆ ಕಣ್ಣಿಟ್ಟಂಗಾಗುತ್ತೆ. ಹೇಳದೇ ಇಡೋದಾದ್ರೆ ಬೇಡ. ಕಳ್ಳತನ ಆದರೆ ಆಗಲಿ."

ಅಮ್ಮ ತಾನೇ ಹೋಗಿ ಹೇಳಿ ಬಂದರು. ಆ ಅಕ್ಕ ನಕ್ಕರಂತೆ: "ಅಷ್ಟೇನಾ? ಹಂಗಾದ್ರೆ ಒಳ್ಳೆ ಸೀರೆ ಉಟ್ಕೊಂಡೇ ಬರ್ತೀನಿ." ಆದರೂ ನಾವು ಕ್ಯಾಮೆರಾ ತಿರುಗಿಸಿ, ಬಾಗಿಲು ಮತ್ತು ಅದರ ಮುಂದಿನ ಎರಡು ಹೆಜ್ಜೆ ಮಾತ್ರ ಕಾಣೋ ಹಾಗೆ ಮಾಡಿದೆವು. ಸೋಫಾ, ಮೋಟರ್ ಸ್ವಿಚ್ಚು, ಅಡುಗೆಮನೆ ಎಲ್ಲ ಹೊರಗೆ. ಕ್ಯಾಮೆರಾ ಕೆಲಸ ಮಾಡುವಾಗ ಹೊತ್ತಿಕೊಳ್ಳೋ ಪುಟ್ಟ ದೀಪವನ್ನು ಕೆಲವು ಮಾದರಿಗಳಲ್ಲಿ ಆರಿಸಬಹುದು. ನಾವು ಹಾಗೇ ಬಿಟ್ಟೆವು. ಮೈಕ್ ಮಾತ್ರ ಪೂರ್ತಿ ಬಂದ್.

ಯುರೋಪಿನಲ್ಲಿರೋ ಕೇಳುಗರಿಗೆ ಒಂದು ಮಾತು. ಅಮ್ಮನ ಪ್ರಶ್ನೆ ಇಲ್ಲಿ ಕೋರ್ಟ್ ಮೆಟ್ಟಿಲೇರಿದೆ. ಚೆಕ್ ಗಣರಾಜ್ಯದ ರಿನೆಶ್ ಎಂಬವರು ತಮ್ಮ ಮನೆಯ ಮೇಲೆ ದಾಳಿಗಳಾದ ಮೇಲೆ ಕ್ಯಾಮೆರಾ ಹಾಕಿದ್ದರು. ಅದರಲ್ಲಿ ಮುಂದಿನ ರಸ್ತೆಯೂ ಕಾಣ್ತಾ ಇತ್ತು. ಸಾರ್ವಜನಿಕ ಜಾಗವನ್ನೂ ಚಿತ್ರಿಸೋ ಮನೆ ಕ್ಯಾಮೆರಾ "ಬರೀ ಮನೆಯ ಸ್ವಂತ ವಿಷಯ" ಅಲ್ಲ, ಅದಕ್ಕೆ ದತ್ತಾಂಶ ರಕ್ಷಣೆಯ ನಿಯಮ ಅನ್ವಯಿಸುತ್ತೆ ಅಂತ ಯುರೋಪಿಯನ್ ನ್ಯಾಯಾಲಯ 2014ರ ಡಿಸೆಂಬರ್ 11ರಂದು ಹೇಳಿತು. ನಿಮ್ಮ ಅಪಾರ್ಟ್‌ಮೆಂಟ್ ಬಾಗಿಲ ಕ್ಯಾಮೆರಾ ಮೆಟ್ಟಿಲನ್ನೋ ಎದುರುಮನೆ ಬಾಗಿಲನ್ನೋ ನೋಡ್ತಾ ಇದ್ದರೆ ಯೋಚನೆ ಮಾಡಿ.

ಇನ್ನು ಬೆಳಕು. ರಾತ್ರಿ ವೆಬ್‌ಕ್ಯಾಮ್ ಚಿತ್ರದಲ್ಲಿ ಇರುವೆ ಮುತ್ತಿದ ಹಾಗೆ ಚುಕ್ಕಿ ಕುಣಿಯೋದನ್ನ ನೋಡಿರ್ತೀರಿ. ಸೂಕ್ಷ್ಮದರ್ಶಕದ ಮುಂದೆ ಕೂತವರಿಗೆ ಇದು ಹಳೇ ಶತ್ರು. ಬೆಳಕು ಕಣಕಣವಾಗಿ ಬರುತ್ತೆ, ಲೆಕ್ಕ ಇಟ್ಟುಕೊಂಡು ಸಮವಾಗಿ ಬರೋದಿಲ್ಲ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬಿದ್ದರೆ ಏರಿಳಿತ 100ರಷ್ಟು, ಅಂದರೆ ನೂರಕ್ಕೆ ಒಂದು. ಬರೀ 100 ಫೋಟಾನ್ ಬಿದ್ದರೆ ಏರಿಳಿತ 10, ಅಂದರೆ ನೂರಕ್ಕೆ ಹತ್ತು. ಈ ಕುಣಿತ ಕ್ಯಾಮೆರಾದ ದೋಷವೂ ಅಲ್ಲ. ಸೆನ್ಸರ್ ಗಾತ್ರ ಅಷ್ಟೇ ಇದ್ದು ಪಿಕ್ಸೆಲ್ ಜಾಸ್ತಿಯಾದರೆ ಒಂದೊಂದಕ್ಕೂ ಬೀಳೋ ಬೆಳಕು ಕಡಿಮೆ, ಕುಣಿತ ಜಾಸ್ತಿ. ದೊಡ್ಡ ಅಂಕಿಯ ಹಿಂದೆ ಓಡಬಾರದು ಅನ್ನೋಕೆ ಇದೂ ಒಂದು ಕಾರಣ.

ಇನ್‌ಫ್ರಾರೆಡ್ ದೀಪ ಹಾಕಬಹುದಲ್ಲ ಅಂದರೆ, ಸಿಲಿಕಾನ್‌ಗೆ ಸುಮಾರು 1100 ನ್ಯಾನೋಮೀಟರ್‌ವರೆಗೂ ಕಾಣುತ್ತೆ, ನಿಜ. ಆದರೆ ಹಗಲಿನ ಬಣ್ಣ ಕೆಡದಿರಲಿ ಅಂತ ಸಾಮಾನ್ಯ ವೆಬ್‌ಕ್ಯಾಮ್ ಒಳಗೆ ಆ ಬೆಳಕನ್ನು ತಡೆಯೋ ಗಾಜು ಇಟ್ಟಿರ್ತಾರೆ. ಅಂಥ ಕ್ಯಾಮೆರಾಗೆ ಹೊರಗಿಂದ ಇನ್‌ಫ್ರಾರೆಡ್ ದೀಪ ಹಿಡಿಯೋದು ಕಪ್ಪು ಕನ್ನಡಕದವರಿಗೆ ಬೆಂಕಿಕಡ್ಡಿ ಗೀರಿದ ಹಾಗೆ. ಇನ್‌ಫ್ರಾರೆಡ್ ಬೇಕೇ ಬೇಕಿದ್ದರೆ ಆ ಗಾಜಿಲ್ಲದ, ದೀಪ ಕೂಡಿಕೊಂಡೇ ಬರೋ ಯುಎಸ್‌ಬಿ ಕ್ಯಾಮೆರಾ ತಗೊಳ್ಳಿ. 850 ನ್ಯಾನೋಮೀಟರಿನ ದೀಪ ಕತ್ತಲಲ್ಲಿ ಮಂಕಾಗಿ ಕೆಂಪಗೆ ಕಾಣುತ್ತೆ. 940ರದ್ದು ಕಾಣೋದಿಲ್ಲ, ಕ್ಯಾಮೆರಾಗೂ ಅದು ಕಡಿಮೆಯೇ ಕಾಣೋದು. ಕಿಟಕಿಯ ಒಳಗಿಂದ ಹೊರಗೆ ನೋಡೋ ಹಾಗಂತೂ ಇಡಬೇಡಿ, ದೀಪ ಗಾಜಿಗೆ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತೆ. ನಾವು ಮಾಡಿದ್ದು ಸರಳ: ಹಾಲ್‌ನಲ್ಲಿ ಒಂದು ಎಲ್‌ಇಡಿ ಟ್ಯೂಬ್‌ಲೈಟ್ ರಾತ್ರಿಯಿಡೀ ಉರಿಯೋ ಹಾಗೆ ಟೈಮರ್ ಹಾಕಿದೆವು.

ಆಗ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ತೇಲೋಕೆ ಶುರುವಾದವು. ಭಾರತದಲ್ಲಿ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. ವೆಬ್‌ಕ್ಯಾಮ್ ಇಡೀ ಚಿತ್ರವನ್ನು ಒಟ್ಟಿಗೆ ಓದದೆ ಸಾಲುಸಾಲಾಗಿ ಓದುತ್ತೆ. ಕೆಲವು ಸಾಲಿಗೆ ಮಿಣುಕಿನ ಬೆಳಕು, ಕೆಲವಕ್ಕೆ ಕತ್ತಲು. ನಮ್ಮ ಕ್ಯಾಮೆರಾ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿಕೊಂಡು ಕೂತಿತ್ತು. ವಿದ್ಯುತ್ ಆವರ್ತನದ ಆಯ್ಕೆಯಲ್ಲಿ 2 ಇದ್ದದ್ದನ್ನು 1 ಮಾಡಿದೆವು, ಪಟ್ಟಿ ಮಾಯ. ಅಮೆರಿಕದಿಂದ ಊರಿಗೆ ಕ್ಯಾಮೆರಾ ಒಯ್ಯೋರು ಇದನ್ನ ನೆನಪಿಡಿ.

ಕಾವಲಿಗೆ ನಾವು ಬಳಸಿದ್ದು ಮೋಷನ್ ಅನ್ನೋ ಹಳೆಯ ಮುಕ್ತ ತಂತ್ರಾಂಶ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಎಷ್ಟು ಪಿಕ್ಸೆಲ್ ಬದಲಾಯಿತು ಅಂತ ಎಣಿಸುತ್ತೆ, ಮಿತಿ ದಾಟಿದರೆ ಚಿತ್ರ ತೆಗೆಯುತ್ತೆ. ಮೊದಲೇ ಇಟ್ಟಿರೋ ಮಿತಿ 1500 ಪಿಕ್ಸೆಲ್. 640×480ರಲ್ಲಿ ಅದು ಚಿತ್ರದ ಶೇಕಡಾ ಅರ್ಧ. 720ರಲ್ಲಿ ಪಿಕ್ಸೆಲ್ ಮೂರು ಪಟ್ಟು, ಆದ್ದರಿಂದ ನಾವು 4500 ಮಾಡಿದೆವು. ಬದಲಾವಣೆ ಕಾಣೋ ಮುಂಚಿನ ಕೆಲವು ಫ್ರೇಮುಗಳನ್ನೂ ಅದು ಉಳಿಸಿಕೊಡಬಲ್ಲದು, ಅದನ್ನು ಹಾಕಿಡಿ. ಬಾಗಿಲು ತೆರೆಯೋ ಕ್ಷಣ ಸಿಗೋದು ಅಲ್ಲೇ.

ಅಮ್ಮನ ಜೊತೆ ಇಲ್ಲಿಗೆ ಬಂದಿಳಿದ ಮೊದಲ ರಾತ್ರಿಯೇ ಫೋನ್ ಸಾಲುಸಾಲಾಗಿ ಕೂಗಿತು. ಎದೆ ಧಸಕ್ಕೆಂದಿತು. ತೆರೆದು ನೋಡಿದರೆ ಹಲ್ಲಿ. ಬಾಗಿಲ ಪಕ್ಕದ ಗೋಡೆಯಲ್ಲಿದ್ದರೆ ಆ ಹಲ್ಲಿ ಮುನ್ನೂರು ಪಿಕ್ಸೆಲ್ ಕೂಡ ಆಗ್ತಿರಲಿಲ್ಲ. ಅದು ಕ್ಯಾಮೆರಾ ಪಕ್ಕದಲ್ಲೇ ಓಡಾಡ್ತಾ ಮೊಸಳೆಯಾಗಿತ್ತು. ಕಾಡಿನ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಈ ಗೋಳು ಕಡಿಮೆ, ಅವು ಬಹುಮಟ್ಟಿಗೆ ಬಿಸಿ ಮೈ ಹಾದುಹೋದಾಗ ಎಚ್ಚರಗೊಳ್ಳುತ್ತವೆ. ಹಲ್ಲಿಯ ಮೈ ಗೋಡೆಯಷ್ಟೇ ತಣ್ಣಗೆ. ಅಮ್ಮ "ನವಿಲುಗರಿ ಇಡಕ್ಕೆ ಹೇಳು, ಹಲ್ಲಿ ಬರಲ್ಲ" ಅಂತ ಪಕ್ಕದ ಮನೆಗೆ ಫೋನ್ ಮಾಡಿಯೇಬಿಟ್ಟರು. ಗರಿ ಬಂತು. ವೆಂಟಿಲೇಟರ್ ಗಾಳಿಗೆ ಗರಿ ಅಲ್ಲಾಡಿ ಇನ್ನಷ್ಟು ಮೇಲ್ ಬಂದವು, ಹಲ್ಲಿಯೂ ಇತ್ತು. ನಾವು ಜೀವಶಾಸ್ತ್ರಜ್ಞರಾಗಿ ಮೊದಲೇ ಯೋಚಿಸಬೇಕಿತ್ತು: ಟ್ಯೂಬ್‌ಲೈಟ್ ಇದ್ದದ್ದು ಕ್ಯಾಮೆರಾದ ತಲೆ ಮೇಲೆ. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಆ ಅಕ್ಕ ಟೈಮರನ್ನು ಬಾಗಿಲ ಹತ್ತಿರದ ಬಲ್ಬಿಗೆ ಬದಲಾಯಿಸಿದರು. ಹಲ್ಲಿಗಳೂ ಅಲ್ಲಿಗೆ ಬಿಡಾರ ಬದಲಿಸಿದವು, ಅಲ್ಲಿ ಅವು ಬರೀ ಹಲ್ಲಿಗಳು.

ಲ್ಯಾಪ್‌ಟಾಪನ್ನು ಕಾಣೋ ಹಾಗೆ ಇಟ್ಟರೆ ಕಳ್ಳ ಮೊದಲು ಒಯ್ಯೋದು ಅದನ್ನೇ. ಅದಕ್ಕೇ ಅದನ್ನು ಕಪಾಟಿನೊಳಗೆ, ಗಾಳಿಯಾಡಲಿ ಅಂತ ಬಾಗಿಲು ಸ್ವಲ್ಪ ತೆರೆದು, ಇಟ್ಟೆವು. ಯುಎಸ್‌ಬಿ 2.0 ತಂತಿ 5 ಮೀಟರ್ ಮೀರಬಾರದು. ಚಿತ್ರ ತೆಗೆದ ಕೂಡಲೇ ಒಂದು ಪ್ರತಿ ಜರ್ಮನಿಯ ನಮ್ಮ ಕಂಪ್ಯೂಟರಿಗೆ. ಇದಕ್ಕೆ ವೈರ್‌ಗಾರ್ಡ್ ಬಳಸಿದೆವು, 2020ರಿಂದ ಅದು ಲಿನಕ್ಸ್ ಕರ್ನೆಲ್‌ನಲ್ಲೇ ಇದೆ. ಶಿವಮೊಗ್ಗದ ರೂಟರಿನಲ್ಲಿ ಹೊರಗಿನವರಿಗೆ ಯಾವ ಬಾಗಿಲೂ ತೆರೆದಿಲ್ಲ; ಲ್ಯಾಪ್‌ಟಾಪೇ ಒಳಗಿಂದ ನಮ್ಮನ್ನು ಕರೆಯುತ್ತೆ. ರೂಟರಿಗೆ ಒಂದು ಪುಟ್ಟ ಯುಪಿಎಸ್. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ, ಸದಾ ತುಂಬಿಟ್ಟು ಊದಿಕೊಳ್ಳದಿರಲಿ ಅಂತ ಚಾರ್ಜಿನ ಮಿತಿ ಶೇಕಡಾ 80.

ಜುಲೈನಲ್ಲಿ ಮಲೆನಾಡಿನ ಮಳೆ ಹಿಡಿಯಿತು. ಒಂದು ರಾತ್ರಿ ಹೋದ ಕರೆಂಟು ಮರುದಿನ ಸಂಜೆಯಾದರೂ ಬರಲಿಲ್ಲ. ಬ್ಯಾಟರಿ ಖಾಲಿ. ಕರೆಂಟು ಬಂದಮೇಲೂ ಲ್ಯಾಪ್‌ಟಾಪ್ ಏಳಲಿಲ್ಲ, ಕರೆಂಟು ಬಂದರೆ ತಾನೇ ಏಳೋ ಸೌಲಭ್ಯ ಅದರಲ್ಲಿ ಇರಲಿಲ್ಲ. ಕೊಳ್ಳೋ ಮೊದಲು ಕ್ಯಾಮೆರಾದ ಜಾತಕ ನೋಡಿದ್ದ ನಾವು ಇದನ್ನೊಂದು ನೋಡಿರಲಿಲ್ಲ. ಬಯಾಸ್ ಮೆನುವಿನಲ್ಲಿ ನೀವು ನೋಡಿಕೊಳ್ಳಿ.

ಅಮ್ಮನೇ ಪಕ್ಕದ ಮನೆಗೆ ವಿಡಿಯೋ ಕಾಲ್ ಮಾಡಿದರು. ಆ ಅಕ್ಕ ಕೊಡೆ ಹಿಡಿದು ಬಂದು, ಬೀಗ ತೆಗೆದು, ಕಪಾಟು ತೆರೆದು, ನಾವು ಹೇಳಿದ ಗುಂಡಿ ಒತ್ತಿದರು. ಒಂದು ನಿಮಿಷ ಬಿಟ್ಟು ಅವರು ವಾಪಸ್ ಹೋಗುವಾಗ ನಮ್ಮ ಫೋನ್ ಕೂಗಿತು. ಚಿತ್ರದಲ್ಲಿ ಅವರೇ, ಬಾಗಿಲ ಬಳಿ ತಿರುಗಿ ನಿಂತು, ಒದ್ದೆ ಕೊಡೆ ಎತ್ತಿ "ಬಂತಾ?" ಅಂತ ಕೈಯಲ್ಲೇ ಕೇಳ್ತಾ ಇದ್ದರು. ಮೂರು ತಿಂಗಳ ಚಿತ್ರಗಳಲ್ಲಿ ನಾವು ಇಟ್ಟುಕೊಂಡಿದ್ದು ಅದೊಂದನ್ನೇ, ಅದೂ ಅವರನ್ನ ಕೇಳಿ. ಉಳಿದವು ಎರಡು ವಾರ ದಾಟಿದ ಕೂಡಲೇ ತಾವಾಗಿ ಅಳಿಸಿಹೋಗೋ ಹಾಗೆ ಬರೆದಿದ್ದೆವು.

ಅಮ್ಮ ಊರಿಗೆ ಮರಳಿ, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮೊದಲು ಮಾಡಿದ ಕೆಲಸ ಕ್ಯಾಮೆರಾದ ತಂತಿ ಕಿತ್ತಿದ್ದು. ಕರ್ಚೀಫಿನಲ್ಲಿ ಸುತ್ತಿ ಡ್ರಾಯರ್‌ನಲ್ಲಿ ಇಟ್ಟಿದ್ದಾರೆ. ನವಿಲುಗರಿ ಮಾತ್ರ ಇನ್ನೂ ಕಪಾಟಿನ ಮೇಲೇ ಇದೆಯಂತೆ.